ಹಿಡಿಯಲೂ ಬೇಕು, ಬಿಡಲೂ ಬೇಕು

ರಾತ್ರಿ ಹಗಲೆನ್ನದೆ ಈ ವಸ್ತುಪ್ರದರ್ಶನವನ್ನು ಅಣಿಗೊಳಿಸಿರುವ ವಿದ್ಯಾರ್ಥಿಗಳೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಊರುಗಳಿಂದ ಮಕ್ಕಳನ್ನು ಕರೆದುಕೊಂಡು ಬಂದಿರುವ ತಂದೆತಾಯಂದಿರೆ,

ಮಗುವಿನ ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಮನೆಯವರೆಲ್ಲ ನೋಡುವುದು ತಂತಿಯನ್ನು, ತಂತಿ ಹಿಡಿದಿರುವ ಪುಟ್ಟ ಬ್ರ್ಯಾಕೆಟ್ಟುಗಳನ್ನು. ಬ್ರ್ಯಾಕೆಟ್ಟಿನ ಅಂಟಿಗೂ ಹಲ್ಲಿಗೂ ನಡುವೆ ಇರುವ ಪದರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಪ್ರೈಮರ್. ತೆಳ್ಳಗಿನ ರಾಳದ ದ್ರವ. ಸಣ್ಣ ಬ್ರಷ್ಷಿನಿಂದ ಒಮ್ಮೆ ಸವರಿದರೆ ಅದರ ಕೆಲಸ ಮುಗಿಯಿತು. ಇಡೀ ಪ್ರದರ್ಶನವನ್ನು ಆ ಒಂದು ಪದರಕ್ಕೇ ಮೀಸಲಿಟ್ಟಿದ್ದೀರಿ. ಇದು ನನಗೆ ತುಂಬ ಸಂತೋಷ ಕೊಟ್ಟಿದೆ.

ಹಿಂದೆ ಒಂದೊಂದು ಹಲ್ಲಿನ ಸುತ್ತಲೂ ಲೋಹದ ಪಟ್ಟಿ ತೊಡಿಸಿ, ಸಿಮೆಂಟ್ ಹಾಕಿ ಕೂರಿಸುತ್ತಿದ್ದರು. ಅದಕ್ಕಾಗಿ ಹಲ್ಲುಗಳ ನಡುವೆ ಸಂದು ಮಾಡಬೇಕಿತ್ತು, ಒಸಡಿಗೂ ನೋವು. 1955ರಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಮೈಕೆಲ್ ಬುಯೊನೊಕೋರ್ ಒಂದು ಪ್ರಯೋಗ ಪ್ರಕಟಿಸಿದರು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವುದುಂಟು. ಅದನ್ನೇ ಅವರು ಹಲ್ಲಿನ ಎನಾಮೆಲ್‌ಗೆ ಹಚ್ಚಿ ನೋಡಿದರು. ಶೇ. 85ರ ಆಮ್ಲ, 30 ಸೆಕೆಂಡು. ಬರೀ ಹಲ್ಲಿನ ಮೇಲೆ ನಿಲ್ಲದ ರಾಳ ಅಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು. 1965ರಲ್ಲಿ ಜಾರ್ಜ್ ನ್ಯೂಮನ್ ಬ್ರ್ಯಾಕೆಟ್ಟನ್ನು ನೇರವಾಗಿ ಹಲ್ಲಿಗೆ ಅಂಟಿಸುವ ವಿಧಾನವನ್ನು ಬರೆದು ತಿಳಿಸಿದರು. ಈಗ ನಾವು ಬಳಸುವುದು ಸಾಮಾನ್ಯವಾಗಿ ಶೇ. 37ರ ಆಮ್ಲ.

ಒರಳುಕಲ್ಲು ನುಣುಪಾದಾಗ ನಮ್ಮ ಮನೆಗಳಲ್ಲಿ ಉಳಿಯಿಂದ ಅದಕ್ಕೆ ಮುಳ್ಳು ಹಾಕಿಸುತ್ತಿದ್ದರಲ್ಲ, ಆಮ್ಲ ಎನಾಮೆಲ್‌ಗೆ ಮಾಡುವುದೂ ಅದನ್ನೇ. ತೊಳೆದು ಒಣಗಿಸಿದಾಗ ಹಲ್ಲು ಮಂಕು ಬಿಳಿಯಾಗಿ ಕಾಣುತ್ತದೆ. ಆಮ್ಲ ಕೊರೆದ, ಕಣ್ಣಿಗೆ ಕಾಣದ ಗುಳಿಗಳಿಗೆ ಪ್ರೈಮರ್ ಇಳಿಯುತ್ತದೆ. ನೀಲಿ ಬೆಳಕು ಹಾಯಿಸಿದೊಡನೆ ಒಳಗೇ ಗಟ್ಟಿಯಾಗಿ ಬೇರು ಬಿಡುತ್ತದೆ. ಆ ನಡುವೆ ಒಂದು ಹನಿ ಜೊಲ್ಲು ತಗಲಿತೋ, ಹಿಡಿತ ಸಡಿಲ.

ಬ್ರ್ಯಾಕೆಟ್ಟಿನ ಹಿಡಿತ ಎಷ್ಟಿರಬೇಕು? 1975ರಲ್ಲಿ ರೆನಾಲ್ಡ್ಸ್ ಎಂಬ ಸಂಶೋಧಕರು ಸೂಚಿಸಿದ 5.9ರಿಂದ 7.8 ಮೆಗಾಪ್ಯಾಸ್ಕಲ್ ಎಂಬ ಅಳತೆಯನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಬ್ರ್ಯಾಕೆಟ್ಟಿನ ತಳ ಸುಮಾರು 10 ಚದರ ಮಿಲಿಮೀಟರ್ ಎಂದುಕೊಳ್ಳಿ. 7 ಮೆಗಾಪ್ಯಾಸ್ಕಲ್ ಎಂದರೆ 70 ನ್ಯೂಟನ್. ಕಾಳಿನಷ್ಟು ಜಾಗದಲ್ಲಿ ಸರಿಸುಮಾರು 7 ಕಿಲೋ ಭಾರ! ಚಕ್ಕುಲಿ ಕಡಿಯುವ ಮಗುವಿಗೆ ಇಷ್ಟಾದರೂ ಬೇಕು.

ಹಾಗಾದರೆ ಇನ್ನೂ ಬಲವಾದ ಪ್ರೈಮರ್ ಇನ್ನೂ ಒಳ್ಳೆಯದೇ? ಅಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿಗೆ ಬಂದಿದ್ದೇನೆ. ಹುಳುಕು ತುಂಬಿಸುವ ಹಲ್ಲಿನಲ್ಲಿ ರಾಳ ಶಾಶ್ವತವಾಗಿ ಕೂರಬೇಕು. ಕ್ಲಿಪ್ ಹಾಗಲ್ಲ, ಒಂದೆರಡು ವರ್ಷದಲ್ಲಿ ತೆಗೆಯಬೇಕಾದದ್ದು. ತೂಕದಲ್ಲಿ ಶೇ. 96ರಷ್ಟು ಖನಿಜವೇ ಆದ ಎನಾಮೆಲ್ ನಮ್ಮ ದೇಹದ ಅತಿ ಗಟ್ಟಿ ವಸ್ತು. ಆದರೆ ಅದರ ಚಕ್ಕೆ ಎದ್ದರೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಬಾಯಲ್ಲಿ ಮೂಡುವ ಹೊತ್ತಿಗೇ ಇಲ್ಲವಾಗಿರುತ್ತವೆ. 1980ರ ದಶಕದ ಸೆರಾಮಿಕ್ ಬ್ರ್ಯಾಕೆಟ್ಟುಗಳು ಈ ಪಾಠ ಕಲಿಸಿದವು. ರಾಸಾಯನಿಕವಾಗಿ ಬಲು ಬಿಗಿಯಾಗಿ ಅಂಟಿದ ಅವನ್ನು ಕೀಳುವಾಗ ಎನಾಮೆಲ್ ಕೂಡ ಕಿತ್ತು ಬಂದ ಪ್ರಸಂಗಗಳು ನಡೆದವು. ತಯಾರಕರು ತಳದ ವಿನ್ಯಾಸವನ್ನೇ ಬದಲಿಸಬೇಕಾಯಿತು.

ಆದ್ದರಿಂದ ಭೂತಗನ್ನಡಿ ಇಟ್ಟಿರುವ ಮೇಜನ್ನು ದಯವಿಟ್ಟು ಬಿಟ್ಟು ಹೋಗಬೇಡಿ. ಚಿಕಿತ್ಸೆಗಾಗಿ ಕಿತ್ತ ಹಲ್ಲುಗಳಿಗೆ ಬ್ರ್ಯಾಕೆಟ್ ಅಂಟಿಸಿ, ಯಂತ್ರದಲ್ಲಿ ಒತ್ತಿ ಬೀಳಿಸಿ, ಅಂಟು ಎಲ್ಲಿ ಉಳಿದಿದೆ ಎಂದು ಅಲ್ಲಿ ತೋರಿಸಿದ್ದಾರೆ. 1984ರಲ್ಲಿ ಆರ್ಟುನ್ ಮತ್ತು ಬರ್ಗ್‌ಲ್ಯಾಂಡ್ ಎಂಬ ಸಂಶೋಧಕರು ಇದಕ್ಕೆ 0ಯಿಂದ 3ರವರೆಗೆ ಅಂಕ ಕೊಟ್ಟರು. ಹಲ್ಲಿನ ಮೇಲೆ ಅಂಟು ಏನೂ ಉಳಿಯದಿದ್ದರೆ 0, ಪೂರ್ತಿ ಉಳಿದರೆ 3. ಅಂಟು ಉಳಿದ ಹಲ್ಲು ನೋಡಲು ಕೊಳಕು. ಕ್ಲಿಪ್ ತೆಗೆದ ದಿನ ಅದನ್ನು ಉಜ್ಜಿ ತೆಗೆಯಲು ವೈದ್ಯರಿಗೂ ಹೊತ್ತು ಹಿಡಿಯುತ್ತದೆ. ಆದರೂ ನನ್ನ ಮೆಚ್ಚುಗೆ ಆ 3ಕ್ಕೇ. ಬಿರುಕು ಎನಾಮೆಲ್‌ನಿಂದ ದೂರ, ಬ್ರ್ಯಾಕೆಟ್ಟಿನ ಬುಡದಲ್ಲಿ ಬಿಟ್ಟಿದೆ ಎಂದು ಅದು ಹೇಳುತ್ತದೆ. ಮೆಗಾಪ್ಯಾಸ್ಕಲ್ ಲೆಕ್ಕವನ್ನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಮಾಡುವ ಪ್ರೈಮರ್ ಕರಪತ್ರಗಳು ಈ ಅಂಕವನ್ನೂ ಪಕ್ಕದಲ್ಲೇ ಕೊಡಬೇಕು.

ಇನ್ನು ನಮ್ಮ ಸೀಮೆಯ ಮಾತು. ಇಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ನಿಮಗೆಲ್ಲ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕರೆ ಕಟ್ಟುತ್ತದೆ. ಅಂಥ ಹಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗದು. ಅದರ ಕೆಳಗೆ ಮಾತ್ರ ಸಣ್ಣ ಸಣ್ಣ ರಂಧ್ರಗಳು. ಹಿಡಿತ ಕಡಿಮೆ ಎಂದು ಹಲವು ಪ್ರಯೋಗಗಳು ಹೇಳಿವೆ, ವ್ಯತ್ಯಾಸ ಕಾಣದ ಪ್ರಯೋಗಗಳೂ ಇವೆ. ಆಮ್ಲವನ್ನೂ ಪ್ರೈಮರನ್ನೂ ಒಂದೇ ದ್ರವದಲ್ಲಿ ಬೆರೆಸಿದ ಹೊಸ ಬಗೆಯವು ಸಮಯ ಉಳಿಸುತ್ತವೆ, ಆದರೆ ಎನಾಮೆಲ್ ಅನ್ನು ಮೇಲುಮೇಲಕ್ಕೇ ಕೊರೆಯುತ್ತವೆ. ಕರೆಗಟ್ಟಿದ ಹಲ್ಲಿನಲ್ಲಿ ಅವನ್ನು ಕಣ್ಣುಮುಚ್ಚಿ ನಂಬಲು ನನ್ನ ಮನಸ್ಸು ಒಪ್ಪದು. ಬೇರೆ ದೇಶದ ಆರೋಗ್ಯವಂತ ಹಲ್ಲುಗಳ ಮೇಲೆ ಬಂದ ಅಂಕಿಗಳನ್ನು ಬಾಗೇಪಲ್ಲಿಯ ಹುಡುಗಿಯ ಹಲ್ಲಿಗೆ ಹಾಗೇ ಹಚ್ಚುವುದು ನ್ಯಾಯವಲ್ಲ.

ವಿದ್ಯಾರ್ಥಿಗಳೆ, ಮುಂದಿನ ಸಲ ಈ ಮೇಜುಗಳ ಮೇಲೆ ನಮ್ಮದೇ ಕರೆಗಟ್ಟಿದ ಹಲ್ಲುಗಳಿರಲಿ. ಕರೆಯ ತೀವ್ರತೆ ಅಳೆಯುವ ಡೀನ್ ಸೂಚ್ಯಂಕದ ಪ್ರಕಾರ ವಿಂಗಡಿಸಿ, ಒಂದೊಂದು ಬಗೆಗೆ ಎಷ್ಟು ಹೊತ್ತು ಆಮ್ಲ, ಯಾವ ಪ್ರೈಮರ್ ಎಂದು ನೀವೇ ಅಳೆದು ಬರೆಯಿರಿ. ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಚಿಕ್ಕದು. ಕ್ಲಿಪ್ ಹಾಕಿಸುವ ಮುನ್ನ ಮಗು ಎಂಟು ವರ್ಷದವರೆಗೆ ಯಾವ ಊರಿನಲ್ಲಿತ್ತು, ಯಾವ ನೀರು ಕುಡಿಯಿತು ಎಂದು ವೈದ್ಯರಿಗೆ ತಿಳಿಸಿ. ಬ್ರ್ಯಾಕೆಟ್ ಕಳಚಿ ಬಿದ್ದರೆ ಎಸೆಯದೆ ಕಾಗದದಲ್ಲಿ ಸುತ್ತಿ ತನ್ನಿ. ಅಂಟು ಎಲ್ಲಿ ಬಿಟ್ಟಿತೆಂದು ಅದನ್ನು ನೋಡಿಯೇ ತಿಳಿಯಬಹುದು.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಒತ್ತುವ ಯಂತ್ರ ಎಡಗಡೆ ಇದೆ. ಮಕ್ಕಳು ಮೊದಲು ಹೋಗಲಿ.