ಕುದುರೆ ಎಳೆಯಬೇಕಿದ್ದ ರೈಲು



ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವನ್ನು ನೀವು ಹತ್ತಿದ್ದರೆ ಅಲ್ಲಿನ ಕಲ್ಲುಹಾಸಿನ ಹಾದಿ ನಿಮ್ಮ ಕಾಲಿಗೆ ನೆನಪಿದ್ದೀತು. ಕೆಳದಿಯ ಅರಸರು ಹೋದರು, ಹಾದಿ ಉಳಿಯಿತು. ಇಂದು ನಾನು ಹೇಳಹೊರಟಿರುವುದು ಕಾಗದದ ಮೇಲಷ್ಟೇ ಉಳಿದ ಹಾದಿಯ ಕಥೆ.

1830-31ರಲ್ಲಿ ಕವಲೇದುರ್ಗವಿರುವ ಇದೇ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1832ರ ಸುಮಾರಿಗೆ ಮದರಾಸಿನಿಂದ ಬೆಂಗಳೂರಿಗೆ ಹಳಿ ಹಾಕುವ ಪ್ರಸ್ತಾಪ ಹುಟ್ಟಿತು. ಗಾಡಿಗಳನ್ನು ಎಳೆಯಬೇಕಿದ್ದುದು ಕುದುರೆ!

ನಗಬೇಡಿ. ಮಣ್ಣಿನ ರಸ್ತೆಯಲ್ಲಿ ಚಕ್ರ ಹೂಳುತ್ತದೆ. ತಾನೇ ಮಾಡಿದ ಗುಂಡಿಯಿಂದ ಅದು ಸದಾ ಮೇಲೇರುತ್ತಿರಬೇಕು. ಕಬ್ಬಿಣದ ಹಳಿಯ ಮೇಲೆ ಆ ತೊಂದರೆಯಿಲ್ಲ. ಒಂದು ಟನ್ ಹೇರನ್ನು ಮಣ್ಣಿನ ದಾರಿಯಲ್ಲಿ ಎಳೆಯಲು 50 ಕಿಲೋಗ್ರಾಂ ತೂಕದಷ್ಟು ಬಲ ಬೇಕೆಂದಿಟ್ಟುಕೊಳ್ಳಿ. ಸಮತಟ್ಟಾದ ಹಳಿಯ ಮೇಲೆ 5 ಸಾಕು. ಆದರೆ ನೂರು ಅಡಿಗೆ ಒಂದಡಿ ಏರು ಬಂದರೆ ಎರಡಕ್ಕೂ 10 ಸೇರುತ್ತದೆ. ರಸ್ತೆಯ 50 ಅರವತ್ತಾಗುತ್ತದೆ, ಹಳಿಯ 5 ಹದಿನೈದಾಗುತ್ತದೆ, ಅಂದರೆ ಮೂರು ಪಟ್ಟು! ಬೆಂಗಳೂರೋ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ.

ಆ ಹಳಿ ಬೀಳಲೇ ಇಲ್ಲ. ಆದರೆ 1837ರಲ್ಲಿ ಮದರಾಸಿನ ಹೊರಗಿನ ರೆಡ್ ಹಿಲ್ಸ್‌ನಿಂದ ಚಿಂತಾದ್ರಿಪೇಟೆಯತ್ತ ಒಂದು ಚಿಕ್ಕ ರೈಲುದಾರಿ ಆಯಿತು. ಅದರ ಹಿಂದಿದ್ದವರು ಎಂಜಿನಿಯರ್ ಆರ್ಥರ್ ಕಾಟನ್. ಹೇರು ಯಾವುದು ಗೊತ್ತೆ? ರಸ್ತೆಗೆ ಹಾಕುವ ಕಲ್ಲು. ನಮ್ಮ ಮಲೆನಾಡಿನ ಮನೆಗೋಡೆಗಳ ಅದೇ ಜಂಬಿಟ್ಟಿಗೆ! ಪ್ರಾಣಿಗಳ ಜೊತೆಗೆ ಉಗಿ ಎಂಜಿನ್ನನ್ನೂ ಅಲ್ಲಿ ಪ್ರಯೋಗಿಸಿದರು. ಹತ್ತು ವರ್ಷ ಕಳೆಯುವುದರೊಳಗೆ ಅದೂ ನಿಂತಿತು. 1853ರ ಮುಂಬಯಿ–ಠಾಣೆ ರೈಲನ್ನು ಪರೀಕ್ಷೆಯಲ್ಲಿ ಬರೆಯುವಾಗ ‘ಪ್ರಯಾಣಿಕರ’ ಎಂಬ ಪದ ಬಿಡಬೇಡಿ, ಕಾರಣ ಇದೇ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ, ಉಗಿಯ ಬಲದಿಂದ.

ಟೆಲಿವಿಷನ್ನಿನವನಾದ ನನಗೆ ಇದೊಂದು ಪೇಚು. ಕ್ಯಾಮೆರಾ ತಿರುಗಿಸೋಣವೆಂದರೆ ಹಳಿಯಿಲ್ಲ. ಇರುವುದು ಕಂಪನಿಯ ಗುಮಾಸ್ತರು ನಕಲು ಮಾಡಿಟ್ಟ ಪತ್ರ, ಲೆಕ್ಕ, ಹಳೆಯ ಪತ್ರಿಕೆಗಳ ಸುದ್ದಿ. ಅಂಥ ಕಾಗದಗಳು ಚೆನ್ನೈ, ಲಂಡನ್ನಿನ ಪತ್ರಾಗಾರಗಳಲ್ಲಿವೆ. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿವೆ. ಸಾಗರದ ಬಳಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ನೋಡಬಹುದು.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನ ಕಾಲದ ಕಡತದ ಗಂಟು ಇದ್ದೀತು. ಗೆದ್ದಲು ಹಿಡಿಯುವ ಮೊದಲು, ರದ್ದಿಯವನು ಬಾಗಿಲಿಗೆ ಬರುವ ಮೊದಲು, ಅದನ್ನು ಇಳಿಸಿ ನಿಮ್ಮ ಚರಿತ್ರೆಯ ಮೇಷ್ಟರಿಗೆ ಒಮ್ಮೆ ತೋರಿಸಿ.