ಮಕ್ಕಳು ಎಣಿಸಿದ ಹುಲ್ಲು, ನಾವು ತೋಡಿದ ಗುಂಡಿ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ವಸೂಲಿಯ ಲೆಕ್ಕವನ್ನು ಅಧ್ಯಕ್ಷರು ವಿವರವಾಗಿ ಹೇಳಿದ್ದಾರೆ. ನಾವು ಬೇರೆ ಮಾತು ಹೇಳಬೇಕೆಂದು ನಿಂತಿದ್ದೇವೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಕಾಡಿನ ಪಾಠ ಓದಿದೆವು, ಪರೀಕ್ಷೆಯಲ್ಲಿ ಬರೆದೆವು, ಅಂಕ ತಗೊಂಡೆವು. ಕಾಡಿನೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ನಮ್ಮ ಮಕ್ಕಳಿಗೂ ಹೀಗೇ ಆಗಬಾರದು ಅಂತ ಹೋದ ಚಳಿಗಾಲದಲ್ಲಿ ಸಂಘದಿಂದ ಒಂದು ಬಸ್ಸು ಮಾಡಿ 42 ಮಕ್ಕಳನ್ನು ದರೋಜಿ ಕರಡಿಧಾಮಕ್ಕೆ ಕರಕೊಂಡು ಹೋದೆವು. ಬಸ್ಸಿನ ಬಾಡಿಗೆ ವಿಷಯಕ್ಕೆ ಆಡಳಿತ ಮಂಡಳಿಯಲ್ಲಿ ಎಷ್ಟು ಜಗಳವಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಬಿಡ್ರಿ.

ದರೋಜಿಯನ್ನು ಧಾಮವೆಂದು ಸರ್ಕಾರ ಘೋಷಿಸಿದ್ದು 1994ರಲ್ಲಿ. ಅದು ದೊಡ್ಡ ಮರದ ಕಾಡಲ್ಲ. ಬರೀ ಬಂಡೆ, ಮುಳ್ಳುಕಂಟಿ, ಬಾರಿ, ಕಾರೆ, ಕವಳೆ ಗಿಡಗಳು. ಹಗಲೆಲ್ಲ ಕರಡಿ ಬಂಡೆಗಳ ಗವಿಯಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಹೊರಗೆ ಬರುತ್ತದೆ. ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿ ಕರೆಯುವುದು ಅಲ್ಲಿ ಬಹಳ ವರ್ಷ ನಡೆದ ಪದ್ಧತಿ. ಮಕ್ಕಳು ಅಟ್ಟಣಿಗೆಯ ಮೇಲೆ ಉಸಿರು ಬಿಗಿಹಿಡಿದು ಕುಂತಿದ್ದರು. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಬಂದಾಗ ನಮ್ಮ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳೋದಿಲ್ಲ.

ಆದರೆ ಮಕ್ಕಳು ಊರಿಗೆ ಬಂದು ಹೆಚ್ಚು ಮಾತಾಡಿದ್ದು ಕರಡಿಯ ಬಗ್ಗೆ ಅಲ್ಲ, ಅದರ ಲದ್ದಿಯ ಬಗ್ಗೆ! ದಾರಿಯಲ್ಲಿ ಬಿದ್ದಿದ್ದ ಒಣ ಲದ್ದಿಯನ್ನು ಅರಣ್ಯ ಸಿಬ್ಬಂದಿ ಕಡ್ಡಿಯಿಂದ ಬಿಡಿಸಿ ತೋರಿಸಿದರು. ಒಳಗೆ ಗೆದ್ದಲಿನ ತಲೆಗಳು, ಬಾರಿ ಬೀಜ, ಕಾರೆ ಬೀಜ. ಕರಡಿಗೆ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲವಂತೆ. ಆ ಸಂದಿಯಿಂದಲೇ ಹುತ್ತದ ಗೆದ್ದಲನ್ನು ಸೊರ್ ಅಂತ ಹೀರುತ್ತದೆ. ಹಣ್ಣು ತಿಂದು ಮೈಲಿಗಟ್ಟಲೆ ನಡೆದು ಬೀಜ ಹಾಕುತ್ತದೆ. ಕೂಲಿ ಇಲ್ಲದ ಬಿತ್ತನೆ ಅಂದರೆ ಇದೇ. ಒಂದು ಕಲ್ಲನ್ನೂ ಅಲ್ಲಿಂದ ತರುವ ಹಾಗಿಲ್ಲ ಅಂದದ್ದಕ್ಕೆ ಮಕ್ಕಳು ಬೀಜಗಳನ್ನು ಅಲ್ಲೇ ಬಿಟ್ಟು ಬಂದರು.

ಇನ್ನು ನಮ್ಮ ತಪ್ಪಿನ ಮಾತು. ಬೆಳ್ಳಿಹಬ್ಬದ ನೆನಪಿಗೆ ಊರ ಹಿಂದಿನ ಗೋಮಾಳದಲ್ಲಿ 200 ಸಸಿ ನೆಡೋಣ ಅಂತ ಠರಾವು ಮಾಡಿದವರು ನಾವೇ. ಮುಂಗಾರಿಗೆ ಗುಂಡಿ ತೋಡಿಸಿದೆವು. ಆ ವಾರವೇ ಗುರುಗಳು ಮಕ್ಕಳನ್ನು ಅಲ್ಲಿಗೆ ಕರಕೊಂಡು ಬಂದರು. ದಾರ ಹಿಡಿದು ಒಂದು ಮೀಟರಿನ ಚೌಕ ಮಾಡಿ, ಮೊಣಕಾಲೂರಿ, ಒಳಗಿರುವುದನ್ನೆಲ್ಲ ಎಣಿಸಲು ಹಚ್ಚಿದರು. ಗರಿಕೆ, ಹಂಚಿಹುಲ್ಲು, ತಂಗಡಿ, ತುಂಬೆ, ನೆಗ್ಗಿನಮುಳ್ಳು... ಒಂದೇ ಚೌಕದಲ್ಲಿ 11 ತರಹದ ಗಿಡ. ನಾವು ಹುಟ್ಟಿದಾಗಿನಿಂದ ಅದನ್ನೆಲ್ಲ 'ಕಸ' ಅಂತಲೇ ಕರೆದವರು. ಆಗ ಏಳನೇ ಇಯತ್ತೆ ಹುಡುಗಿಯೊಬ್ಬಳು ಕೂಗಿದಳು. ಗುಂಡಿಯ ಮಣ್ಣು ಎಳೆದು ಹಾಕಿದ ಜಾಗದಲ್ಲಿ ನೆಲಗುಬ್ಬಿಯ ಗೂಡು ಅರ್ಧ ಮುಚ್ಚಿಹೋಗಿತ್ತು. ದನದ ಗೊರಸಿನಷ್ಟು ತಗ್ಗು, ಒಳಗೆ ಎರಡು ಮೊಟ್ಟೆ, ತಣ್ಣಗೆ. 'ದರೋಜಿಯಲ್ಲೂ ದೊಡ್ಡ ಮರ ಇರಲಿಲ್ಲ, ಅದು ಕಾಡು ಅಂದಿರಿ. ಇದು ಯಾಕೆ ಕಾಡಲ್ಲ?' ಅಂತ ಆ ಹುಡುಗಿ ಕೇಳಿದಳು. ನಮ್ಮ ಬಾಯಿಗೆ ಉತ್ತರ ಬರಲಿಲ್ಲ.

ಹಿರಿಯರಿಗೆ ಎರೆಭೂತ ನೆನಪಿದೆ. ಮೀಟರಿನಷ್ಟು ಎತ್ತರ, ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಇದಕ್ಕೆ ಮರ ಬೇಡ, ಬಯಲು ಬೇಕು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು ತಿಂಗಳ ಹತ್ತಿರ ಕಾವು ಕೂರುತ್ತದೆ. ಮಿಡತೆ, ದುಂಬಿ, ಬಾರಿಹಣ್ಣು, ಕಾಳು ಇದರ ಊಟ. ಇಡೀ ದೇಶದ ಬಯಲಲ್ಲಿ ಈಗ ಉಳಿದಿರುವುದು ಹೆಚ್ಚೂ ಕಡಿಮೆ 150, ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಕೊನೆಗೆ ಬೆರಳೆಣಿಕೆಯಷ್ಟು ಕಂಡದ್ದು ನಮ್ಮ ಸಿರುಗುಪ್ಪ ಸೀಮೆಯ ಎರೆ ಬಯಲಲ್ಲಿ. ರಾಣೆಬೆನ್ನೂರಲ್ಲಿ 1974ರಲ್ಲಿ ಅಭಯಾರಣ್ಯ ಆಯಿತು, ಕೃಷ್ಣಮೃಗ ಉಳಿಯಿತು. ಆದರೆ ಬಯಲನ್ನು ನೀಲಗಿರಿ ತೋಪು ಮುಚ್ಚಿತು, ಎರೆಭೂತ ಮರೆಯಾಯಿತು. ಮರ ನೆಟ್ಟೂ ಹಕ್ಕಿ ಕಳಕೊಳ್ಳಬಹುದು ಅಂತ ನಮಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಯಾದವು. ಅದರ ಅನ್ನ ಉಂಡವರೇ ನಾವೆಲ್ಲ, ಅದನ್ನು ತಪ್ಪು ಅನ್ನುವ ಬಾಯಿ ನಮಗಿಲ್ಲ. ಆದರೆ ಉಳಿದ ತುಂಡು ಬಯಲನ್ನಾದರೂ 'ಖಾಲಿ ಬಿದ್ದೈತೆ' ಅನ್ನಬಾರದು. ದನಕ್ಕೂ ಅದೇ ಮೇವು. ನೆರಳು ಬೇಕಾದರೆ ಶಾಲೆ ಅಂಗಳ ಐತೆ, ಕೆರೆ ಏರಿ ಐತೆ, ರಸ್ತೆ ಬದಿ ಐತೆ. 200 ಸಸಿಗೂ ಅಲ್ಲಿ ಜಾಗ ಸಾಕು. ಬೇವು, ಹೊಂಗೆ ನೆಡೋಣ, ಬೇಸಿಗೆಯಲ್ಲಿ ನೀರೂ ಹಾಕೋಣ.

ಕೆಲವು ನಿರ್ದೇಶಕರು ಇದಕ್ಕೆ ಇನ್ನೂ ಒಪ್ಪಿಲ್ಲ. 'ತೋಡಿದ ಕೂಲಿ ದಂಡ ಆಯಿತಲ್ಲ' ಅಂತಾರೆ. ದಂಡ ಆದದ್ದು ನಿಜ, ಅದು ನಮ್ಮ ಲೆಕ್ಕಕ್ಕೇ ಇರಲಿ. ಆದರೆ ವರ್ಷಕ್ಕೊಂದು ಸಲ ಮಕ್ಕಳ ಬಸ್ಸಿನ ಖರ್ಚನ್ನು ಸಂಘದ ಲಾಭದಿಂದ ಕೊಡಬೇಕೆಂಬ ವಿಷಯವನ್ನು ಈ ಸಲದ ಮಹಾಸಭೆಯಲ್ಲಿ ಇಡುತ್ತೇವೆ, ಕೈ ಎತ್ತುವವರು ನೀವು.

ಗೋಮಾಳದಲ್ಲಿ ಇನ್ನೂ 60 ಗುಂಡಿ ಮುಚ್ಚುವುದು ಉಳಿದಿದೆ. ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಮಕ್ಕಳು ಬರುತ್ತಾರೆ. ಮನೆಗೊಂದು ಸನಿಕೆ ತನ್ನಿ. ಗುಂಡಿ ಮುಚ್ಚುವ ಮುಂಚೆ ಒಳಗೆ ಮೊಟ್ಟೆ ಐತೇನು ಅಂತ ಮಕ್ಕಳನ್ನು ಒಮ್ಮೆ ನೋಡಲು ಬಿಡಿ.