ಮೊಬೈಲ್ ಆಟ ಮತ್ತು ಮಕ್ಕಳ ಕಣ್ಣು



ವಿಡಿಯೋ ಗೇಮ್ ಆಡಿದರೆ ಕಣ್ಣು ಹೋಗುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಹೋಗುವುದಿಲ್ಲ. ಆಟದಲ್ಲಿ ಮುಳುಗಿದ ಮಗು ರೆಪ್ಪೆ ಬಡಿಯುವುದು ಕಡಿಮೆ. ಕಣ್ಣು ಒಣಗಿ ಉರಿಯುತ್ತದೆ. ಅದು ವಿಶ್ರಾಂತಿಯಿಂದ ಸರಿಹೋಗುತ್ತದೆ. ಸರಿಹೋಗದಿರುವುದು ಸಮೀಪದೃಷ್ಟಿ ದೋಷ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಅತಿಯಾಗಿ ಉದ್ದವಾದರೆ ಕಪ್ಪುಹಲಗೆ ಮಸುಕಾಗುತ್ತದೆ. ಉದ್ದವಾದದ್ದು ಮತ್ತೆ ಕುಗ್ಗುವುದಿಲ್ಲ. ಅದು ಬಾರದಂತೆ ಕಾಯುವುದರಲ್ಲಿ ಹೊರಗಿನ ಬೆಳಕಿನ ಪಾಲು ದೊಡ್ಡದು. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಬಯಲಿಗೆ ಕಳಿಸುವ ಯೋಜನೆ ತಂದರು. ಏರುತ್ತಲೇ ಇದ್ದ ದೃಷ್ಟಿದೋಷದ ಪ್ರಮಾಣ ಇಳಿಯತೊಡಗಿತು.

ಯಾದಗಿರಿ, ಶಹಾಪುರ, ಸುರಪುರಗಳ ಬಿಸಿಲಿನಲ್ಲಿ ಇದು ಹೇಗೆ ಎನ್ನುವಿರಿ. ನಿಜ, ಬಿಸಿಲಿಗೆ ಹೆದರಿಯೇ ನಾವು ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಬಿಡಿ. ಬೇವಿನ ಮರದ ನೆರಳಲ್ಲೂ ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು ಬೆಳಕಿರುತ್ತದೆ.

ಕಾಣುವುದಿಲ್ಲವೆಂದು ಮಗು ತಾನಾಗಿ ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಕಣ್ಣು ಕಿರಿದು ಮಾಡಿದರೆ, ಪಕ್ಕದವರ ಪುಸ್ತಕ ನೋಡಿ ಬರೆದುಕೊಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ. ಕನ್ನಡಕ ಬಂದರೆ ಸಂಬಂಧ ಕೂಡಿಬರುವುದಿಲ್ಲವೆಂದು ಹೆಣ್ಣುಮಕ್ಕಳದನ್ನು ಮುಚ್ಚಿಡುವ ಮನೆಗಳಿವೆ. ಹಲಗೆ ಕಾಣದ ಆ ಹುಡುಗಿಯನ್ನು ದಡ್ಡಿ ಎಂದು ಶಾಲೆ ಬಿಡಿಸಿದರೆ ತಪ್ಪು ಯಾರದು? ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬುದೂ ಸುಳ್ಳು.